ಬೇಸ್ ಕಲಿಯಲು ಪುಸ್ತಕವೋ ವಿಡಿಯೊವೋ? ನನ್ನ ಓಟು ಪುಸ್ತಕಕ್ಕೆ

ಬೇಸ್ ಗಿಟಾರ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರು ಕೇಳಿದರೂ ನಾನು ಪುಸ್ತಕ ತಗೊಳ್ಳಿ ಅಂತಲೇ ಹೇಳುತ್ತೇನೆ. ದುಡ್ಡು ಕೊಟ್ಟು ಸೇರುವ ವಿಡಿಯೊ ಕೋರ್ಸ್, ಯೂಟ್ಯೂಬಿನ ಪುಕ್ಕಟೆ ಪಾಠ, ಪುಸ್ತಕ, ಮೂರನ್ನೂ ಬಳಸಿ ನೋಡಿದ್ದೇನೆ. ಇವತ್ತಿಗೂ ನನ್ನ ಸ್ಟ್ಯಾಂಡ್ ಮೇಲೆ ಇರುವುದು ಪುಸ್ತಕವೇ.

ನಾನು ಕಲಿಯುತ್ತಿರುವುದು ಮಂಗಳೂರಿನ ನಮ್ಮ ಚರ್ಚಿನ ಕ್ವಾಯರ್‌ಗೆ. ಕೀಬೋರ್ಡಿಗೆ, ಗಿಟಾರಿಗೆ ಜನ ಇದ್ದಾರೆ, ಬೇಸ್‌ಗೆ ಇಲ್ಲ. ನನಗೆ ಸಮಯ ಸಿಗುವುದು ರಾತ್ರಿ ಊಟ ಆದ ಮೇಲೆ, ಮನೆಯವರು ಮಲಗಿದ ಹೊತ್ತಿನಲ್ಲಿ. ನನ್ನ ಆಯ್ಕೆಗೆ ಈ ಎರಡು ವಿಷಯವೇ ದೊಡ್ಡ ಕಾರಣ.

ವಿಡಿಯೊ ಕೋರ್ಸಿಗೆ ವರ್ಷದ ಚಂದಾ ಕಟ್ಟಿದೆ. ಲೆಕ್ಕ ಡಾಲರಿನಲ್ಲಿ, ಹಾಗಾಗಿ ಕಡಿಮೆಯೇನೂ ಆಗಲಿಲ್ಲ. ಕಲಿಸುವವರು ನಿಜಕ್ಕೂ ಚೆನ್ನಾಗಿ ನುಡಿಸುತ್ತಾರೆ. ಆದರೆ ಪಾಠಗಳು ನೂರಾರು, ಯಾವುದರ ನಂತರ ಯಾವುದು ಎನ್ನುವುದೇ ಸ್ಪಷ್ಟ ಇಲ್ಲ. ಸ್ವರದ ಹೆಸರು ಸರಿಯಾಗಿ ಗೊತ್ತಾಗುವ ಮೊದಲೇ ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವ ಶೈಲಿ, ಬಂತು. ಅದನ್ನಾದರೂ ಸಹಿಸಬಹುದಿತ್ತು. ನನ್ನನ್ನು ಸೋಲಿಸಿದ್ದು ಕೇಳಿಸುವ ಸಮಸ್ಯೆ.

ಬೇಸ್‌ನ ದಪ್ಪ ಇ ತಂತಿಯನ್ನು ಸುಮ್ನೆ ಮೀಟಿದರೆ ಬರುವ ಸ್ವರ ಸುಮಾರು 41 ಹರ್ಟ್ಸ್. ಎ ತಂತಿಯದು 55. ಅಷ್ಟು ಕೆಳಗಿನ ದನಿ ಹೊರಡಿಸುವ ಶಕ್ತಿ ಮೊಬೈಲಿನ ಪುಟ್ಟ ಸ್ಪೀಕರಿಗೆ ಇಲ್ಲ. ನಮಗೆ ಕೇಳುವುದು ಮೇಲಿನ ತೆಳು ದನಿ ಮತ್ತು ಬೆರಳು ತಾಗುವ ಟಕ್ ಟಕ್. ಸ್ವರವನ್ನು ಎಷ್ಟು ಹೊತ್ತು ಹಿಡಿದರು, ಎಲ್ಲಿ ತಡೆದರು ಎಂದು ಗೊತ್ತಾಗುವುದಿಲ್ಲ. ಬೇಸ್‌ನಲ್ಲಿ ಮುಖ್ಯವಾದದ್ದೇ ಅದು ಅಲ್ವಾ?

ಇಯರ್‌ಫೋನ್ ಹಾಕಿದೆ. ಆಗ ಪಾಠ ಚೆನ್ನಾಗಿ ಕೇಳುತ್ತದೆ, ನನ್ನ ಬೇಸ್ ಕೇಳುವುದಿಲ್ಲ. ಆಂಪಿಗೆ, ಅಂದರೆ ದನಿ ಜೋರು ಮಾಡುವ ಪೆಟ್ಟಿಗೆಗೆ, ಸಿಕ್ಕಿಸದ ಬೇಸ್‌ನ ದನಿ ತೀರಾ ಸಣ್ಣದು. ಆಂಪ್ ಜೋರು ಮಾಡುವ ಹಾಗೂ ಇಲ್ಲ, ಕೆಳಸ್ವರ ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ. ಪಾಠ ಮತ್ತು ಬೇಸ್ ಎರಡೂ ಒಟ್ಟಿಗೆ ಕಿವಿಗೆ ಬರಬೇಕಾದರೆ ಫೋನಿನ ವೈರ್ ಸಿಕ್ಕಿಸುವ ಜಾಗ ಇರುವ ಒಂದು ಹೆಡ್‌ಫೋನ್ ಆಂಪ್ ಬೇಕು. ಹೆಡ್‌ಫೋನಿಗೂ ವೈರ್ ಇರಲೇಬೇಕು ಮಾರಾಯ್ರೆ. ಬೇಸ್‌ನ ದನಿಯನ್ನು ಬ್ಲೂಟೂತಿನಲ್ಲಿ ಕಳಿಸಿದರೆ ಮೀಟಿದ ಮೇಲೆ ತಡವಾಗಿ ಕೇಳುತ್ತದೆ, ತಾಳ ಹಿಡಿಯಲು ಆಗುವುದೇ ಇಲ್ಲ.

ಇಷ್ಟೆಲ್ಲ ಹೊಂದಿಸಿಕೊಂಡರೂ ಎರಡು ಕೈ ಬೇಸ್ ಮೇಲೆ, ಫೋನು ಮೇಜಿನ ಮೇಲೆ. ಒಂದು ಸಾಲು ಮತ್ತೆ ನೋಡಬೇಕಾದರೆ ಕೈ ತೆಗೆದು ವಿಡಿಯೊವನ್ನು ಹಿಂದೆ ಎಳೆಯಬೇಕು. ಅದು ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಪುಸ್ತಕದಲ್ಲಾದರೆ ಕಣ್ಣು ಹಿಂದಕ್ಕೆ ಹೊರಳಿದರೆ ಸಾಕು. ಒಂದೇ ಸಾಲನ್ನು ಬೇಕಾದಷ್ಟು ನಿಧಾನವಾಗಿ, ಬೇಕಾದಷ್ಟು ಸಲ ನುಡಿಸಬಹುದು.

ನನ್ನ ಪುಸ್ತಕ ಎಡ್ ಫ್ರೀಡ್‌ಲ್ಯಾಂಡ್ ಬರೆದ ಹಾಲ್ ಲೆನರ್ಡ್ ಬೇಸ್ ಮೆಥಡ್. ಮೂರು ಭಾಗ ಸೇರಿಸಿದ ಪ್ರತಿಯೇ ತಗೊಳ್ಳಿ, ಅದು ಸ್ಪೈರಲ್ ಬೈಂಡಿಂಗಿನಲ್ಲಿ ಬರುತ್ತದೆ, ಸ್ಟ್ಯಾಂಡ್ ಮೇಲೆ ತೆರೆದೇ ಇರುತ್ತದೆ. ಗೋಂದು ಹಾಕಿ ಅಂಟಿಸಿದ ಪುಸ್ತಕ ನುಡಿಸುವಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಥದ್ದು ಈಗಾಗಲೇ ಇದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಬೆನ್ನು ಕತ್ತರಿಸಿ ಸ್ಪೈರಲ್ ಹಾಕಿಸಿ. ಮೊದಲ ಭಾಗ ಪೂರ್ತಿ ಮೊದಲ ಐದು ಫ್ರೆಟ್‌ಗಳ (ಬೇಸ್‌ನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳ) ಒಳಗೇ ಇದೆ. ಇದು ನನಗೆ ತುಂಬಾ ಹಿಡಿಸಿತು. ಜೊತೆಗೆ ಕೊಡುವ ಆಡಿಯೊವನ್ನು ಶ್ರುತಿ ಬದಲಾಗದ ಹಾಗೆ ನಿಧಾನ ಮಾಡಬಹುದು.

ಯೂಟ್ಯೂಬಿನಲ್ಲಿ ಜಾಸ್ತಿ ಇರುವುದು ಟ್ಯಾಬ್. ಯಾವ ತಂತಿಯಲ್ಲಿ ಎಷ್ಟನೇ ಫ್ರೆಟ್ ಎಂದು ಅಂಕಿ ಕೊಡುತ್ತಾರೆ. ಬೇಗ ಒಂದು ಹಾಡು ಬರುತ್ತದೆ, ಖುಷಿಯಾಗುತ್ತದೆ. ಆದರೆ ಇ ತಂತಿಯ ಮೂರನೇ ಫ್ರೆಟ್ಟಿನ ಸ್ವರ ಜಿ ಎಂದು ಅದು ಹೇಳುವುದಿಲ್ಲ. ಕ್ವಾಯರ್‌ನಲ್ಲಿ ಟ್ಯಾಬ್ ಯಾರೂ ಕೊಡುವುದಿಲ್ಲ. ಕೊಂಕಣಿ ಗೀತೆಯ ಸಾಲಿನ ಮೇಲೆ ಜಿ, ಸಿ, ಡಿ ಎಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ ಹೆಸರು) ಬರೆದ ಹಾಳೆ ಕೈಗೆ ಬರುತ್ತದೆ, ಅಷ್ಟೇ. ಅದರ ಮೇಲೆ ಗಿಟಾರಿನ ಹುಡುಗ, "ಅಣ್ಣಾ, ಇವತ್ತು ಎರಡನೇ ಫ್ರೆಟ್ಟಿಗೆ ಕೇಪೋ" ಎನ್ನುತ್ತಾನೆ. ಕೇಪೋ ಅಂದರೆ ತಂತಿಗಳನ್ನೆಲ್ಲ ಒಂದು ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು. ಅವನ ಕೈ ಹಿಡಿಯುವುದು ಜಿ, ಕೇಳುವುದು ಎ. ಬೇಸ್‌ಗೆ ಕೇಪೋ ಇಲ್ಲ, ನಾನು ಎ ನುಡಿಸಬೇಕು. ಹಾಳೆ ನೋಡಿ ಜಿ ಹಿಡಿದರೆ ಇಡೀ ಹಾಡು ಕೆಟ್ಟಿತು. ಸ್ವರದ ಹೆಸರು ಹೇಳಿಕೊಂಡು ಕಲಿತವರು ಆ ಕ್ಷಣಕ್ಕೆ ಎರಡು ಫ್ರೆಟ್ ಮೇಲೆ ಸರಿಯುತ್ತಾರೆ. ನನಗೆ ಇದು ಸಾಧ್ಯವಾದದ್ದು ಪುಸ್ತಕದಿಂದ.

ಪುಸ್ತಕದಲ್ಲಿ ಸಿಗದೇ ಇರುವುದು ಕೈಯ ಚಲನೆ. ಎಡಗೈ ಮಣಿಕಟ್ಟು ಎಷ್ಟು ಬಾಗಬೇಕು, ಹೆಬ್ಬೆರಳು ಎಲ್ಲಿರಬೇಕು, ನುಡಿಸದ ತಂತಿ ಗುಂಯ್ ಎನ್ನದ ಹಾಗೆ ಹೇಗೆ ತಡೆಯಬೇಕು, ಇದು ಫೋಟೊ ನೋಡಿದರೆ ಅರ್ಥ ಆಗುವುದಿಲ್ಲ. ಮಣಿಕಟ್ಟು ತಪ್ಪಿದರೆ ನೋವು ಶುರುವಾಗುತ್ತದೆ. ಇದಕ್ಕೆ ಮಾತ್ರ ವಿಡಿಯೊ ನೋಡಲೇಬೇಕು, ಪುಕ್ಕಟೆಯದ್ದೇ ಸಾಕು. ಬೇಸ್ ಕೆಳಗಿಟ್ಟು ನೋಡಿ, ಆಮೇಲೆ ಕನ್ನಡಿ ಮುಂದೆ ನಿಂತು ನುಡಿಸಿ.

ದುಡ್ಡೇ ಬೇಡ ಎನ್ನುವವರಿಗೆ ಸ್ಟಡಿಬೇಸ್ ಎಂಬ ತಾಣದ ಪಾಠಗಳಿವೆ. ಗ್ರೇಡ್ ಪರೀಕ್ಷೆಯ ಆಸೆ ಇದ್ದರೆ ಟ್ರಿನಿಟಿ ಕಾಲೇಜ್ ಲಂಡನ್ ಎಂಬ ಪರೀಕ್ಷಾ ಮಂಡಳಿಯ ರಾಕ್ ಅಂಡ್ ಪಾಪ್ ಪರೀಕ್ಷೆಯಲ್ಲಿ ಬೇಸ್ ಇದೆ, ಮೂರು ಹಾಡು ನುಡಿಸಬೇಕು. ನಮ್ಮ ಮಳೆಗಾಲದಲ್ಲಿ ಪುಟಕ್ಕೆ ಬೂಸ್ಟು ಹಿಡಿಯುತ್ತದೆ, ತಂತಿಗೆ ತುಕ್ಕು. ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿಡಿ.

ಚಂದಾ ಮುಂದುವರಿಸಲಿಲ್ಲ. ಆ ದುಡ್ಡಿಗೆ ಹೆಡ್‌ಫೋನ್ ಆಂಪ್ ತಗೊಂಡೆ, ಈಗ ಪುಸ್ತಕದ ಆಡಿಯೊ ಮತ್ತು ಬೇಸ್ ಎರಡೂ ಕಿವಿಯಲ್ಲಿವೆ. ಕಂಪ್ಯೂಟರಿಗೆ ದೊಡ್ಡ ಸ್ಪೀಕರ್ ಇದ್ದು, ಹಗಲು ಜೋರಾಗಿ ನುಡಿಸುವ ಜಾಗ ಇದ್ದು, ಸ್ಲ್ಯಾಪೇ ಕಲಿಯಬೇಕು ಎಂಬ ಹಟ ಇರುವವರು ಕೋರ್ಸ್ ನೋಡಬಹುದು. ಅಂಥವರೂ ಮೊದಲು ಒಂದು ತಿಂಗಳಿಗೆ ಮಾತ್ರ ದುಡ್ಡು ಕಟ್ಟಲಿ.