ಡೆಬಿಯನ್ನಾ, ಡೆವುವಾನಾ? ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡನ್ನೂ ಓಡಿಸಿ ನೋಡಿದೆ

ಲಿನಕ್ಸ್ ಬಳಸುವ ನಾಲ್ಕು ಜನ ಸೇರಿದ ಕಡೆ ಸುಮ್ನೆ 'ಸಿಸ್ಟಮ್‌ಡಿ' ಅಂದು ನೋಡಿ. ಕಂಪ್ಯೂಟರ್ ಆನ್ ಆದಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಈ ತಂತ್ರಾಂಶ ಬೇಕೋ ಬೇಡವೋ ಎಂಬ ಹತ್ತು ವರ್ಷದ ಹಿಂದಿನ ಜಗಳ ಮತ್ತೆ ಶುರುವಾಗುತ್ತದೆ. ಎರಡೂ ಕಡೆಯ ವಾದ ಕೇಳಿ ಸಾಕಾಗಿ, ನನ್ನ ಹಳೇ ಥಿಂಕ್‌ಪ್ಯಾಡ್‌ನ ಡಿಸ್ಕನ್ನು ಎರಡು ಪಾಲು ಮಾಡಿದೆ. ಒಂದರಲ್ಲಿ ಸಿಸ್ಟಮ್‌ಡಿ ಬಳಸುವ ಡೆಬಿಯನ್ 12, ಇನ್ನೊಂದರಲ್ಲಿ ಅದನ್ನು ಬಿಟ್ಟ ಡೆವುವಾನ್ 5. ಎರಡೂ ಲಿನಕ್ಸ್‌ನ ಬಗೆಗಳೇ. ಡೆವುವಾನ್ ಬಹುಪಾಲು ಪ್ಯಾಕೇಜುಗಳನ್ನು ಡೆಬಿಯನ್‌ನಿಂದಲೇ ಪಡೆಯುತ್ತದೆ. ಸಿಸ್ಟಮ್‌ಡಿಗೆ ಅಂಟಿಕೊಂಡಿರುವುದನ್ನು ಮಾತ್ರ ಬದಲಿಸುತ್ತದೆ. ಹಾಗಾಗಿ ಹೋಲಿಸುವುದು ಸುಲಭ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಕಂಪ್ಯೂಟರ್ ಆನ್ ಆದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಮೊದಲು ಎಬ್ಬಿಸುವ ಪ್ರೋಗ್ರಾಂ ಇನಿಟ್. ಉಳಿದದ್ದನ್ನೆಲ್ಲ ಅದೇ ಎಬ್ಬಿಸಬೇಕು. ಬಹಳ ಕಾಲ ಈ ಕೆಲಸ ಸಿಸ್‌ವಿ ಇನಿಟ್ ಮತ್ತು ಒಂದಿಷ್ಟು ಶೆಲ್ ಸ್ಕ್ರಿಪ್ಟುಗಳದ್ದಾಗಿತ್ತು. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಅದರ ಬದಲಿಗೆ ಸಿಸ್ಟಮ್‌ಡಿ ತಂದರು. ಮರುವರ್ಷವೇ ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಅದನ್ನು ಒಪ್ಪಿಕೊಂಡಿತು. ಡೆಬಿಯನ್‌ನಲ್ಲಿ ಮಾತ್ರ ದೊಡ್ಡ ರಾಮಾಯಣವೇ ನಡೆಯಿತು. 2014ರ ಫೆಬ್ರವರಿಯಲ್ಲಿ ಎಂಟು ಜನರ ತಾಂತ್ರಿಕ ಸಮಿತಿ ಎರಡು ಹೋಳಾಯಿತು. ಕೊನೆಗೆ ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಅದೇ ನವೆಂಬರ್‌ನಲ್ಲಿ ಇಯಾನ್ ಜಾಕ್ಸನ್ ಸಮಿತಿ ಬಿಟ್ಟರು, ಒಪ್ಪದ ಕೆಲವರು ಬೇರೆಯಾಗಿ ಡೆವುವಾನ್ ಘೋಷಿಸಿದರು. ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 2017ರಲ್ಲಿ.

ಬೂಟ್ ವೇಗದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎಸ್‌ಎಸ್‌ಡಿ ಇದ್ದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ.

ನಿಜವಾದ ವ್ಯತ್ಯಾಸ ಕಂಡದ್ದು ನಾನೇ ಒಂದು ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ, ಬರೆದಾಗ. ಫೋಟೋಗಳ ಫೋಲ್ಡರ್ ಮೇಲೆ ಕಣ್ಣಿಟ್ಟು, ಹೊಸದು ಬಂದ ಕೂಡಲೇ ಫೈಲ್ ನಕಲಿಸುವ ಆರ್‌ಸಿಂಕ್ ಕರೆದು ಬ್ಯಾಕಪ್ ಮಾಡುವ ಪೈಥಾನ್ ಸ್ಕ್ರಿಪ್ಟ್ ನನ್ನದು. ಡೆಬಿಯನ್‌ನಲ್ಲಿ ಇದಕ್ಕೆ ಬೇಕಾದದ್ದು ಹತ್ತು ಹನ್ನೆರಡು ಸಾಲಿನ ಒಂದು ಯೂನಿಟ್ ಫೈಲ್. ಯಾವ ಪ್ರೋಗ್ರಾಂ, ಯಾವ ಬಳಕೆದಾರ, ಬಿದ್ದರೆ ಮತ್ತೆ ಎಬ್ಬಿಸಬೇಕೋ ಬೇಡವೋ, ಇಷ್ಟು ಬರೆದರೆ ಆಯಿತು. ಡೆವುವಾನ್‌ನ ಸಿಸ್‌ವಿ ಇನಿಟ್‌ನಲ್ಲಿ ಸ್ಟಾರ್ಟ್, ಸ್ಟಾಪ್, ಸ್ಟೇಟಸ್ ಎಲ್ಲದಕ್ಕೂ ಶೆಲ್‌ನಲ್ಲಿ ನಾನೇ ಬರೆಯಬೇಕು. ಪ್ರೋಗ್ರಾಂನ ನಂಬರನ್ನು ಪಿಐಡಿ ಫೈಲ್‌ನಲ್ಲಿ ಇಟ್ಟುಕೊಳ್ಳಬೇಕು. ಅಷ್ಟು ಮಾಡಿ ನಿಲ್ಲಿಸಿದರೆ ಪೈಥಾನ್ ಸತ್ತಿತು, ಅದು ಕರೆದಿದ್ದ ಆರ್‌ಸಿಂಕ್ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು! ಸಿಸ್ಟಮ್‌ಡಿ ಪ್ರತಿ ಸರ್ವಿಸನ್ನೂ, ಅದು ಕರೆದ ಪ್ರೋಗ್ರಾಂಗಳ ಸಮೇತ, ಸಿಗ್ರೂಪ್ ಎಂಬ ಒಂದು ಗುಂಪಿನಲ್ಲಿ ಇಡುತ್ತದೆ. ಹಾಗಾಗಿ ನಿಲ್ಲಿಸಿದರೆ ಮಕ್ಕಳು ಮರಿ ಎಲ್ಲ ಒಟ್ಟಿಗೆ ನಿಲ್ಲುತ್ತವೆ.

ಆದರೆ ಡೆವುವಾನ್ ಅಂದರೆ ಸಿಸ್‌ವಿ ಇನಿಟ್ ಅಷ್ಟೇ ಅಲ್ಲ. ಇನ್‌ಸ್ಟಾಲ್ ಮಾಡುವಾಗ ಓಪನ್‌ಆರ್‌ಸಿ ಅಥವಾ ರನ್‌ಇಟ್ ಎಂಬ ಬೇರೆ ಇನಿಟ್ ಕೂಡ ಆರಿಸಿಕೊಳ್ಳಬಹುದು. ರನ್‌ಇಟ್‌ನಲ್ಲಿ ಅದೇ ಸರ್ವಿಸ್ ಮೂರು ಸಾಲಿನಲ್ಲಿ ಮುಗಿಯಿತು. ಬಿದ್ದರೆ ತಾನಾಗೇ ಎಬ್ಬಿಸುತ್ತದೆ ಕೂಡ. ಆ ಆರ್‌ಸಿಂಕ್ ತಂಟೆ ಮಾತ್ರ ಅಲ್ಲೂ ಉಳಿಯಿತು. 'ಸಿಸ್ಟಮ್‌ಡಿ ಬಿಟ್ಟರೆ ಶಿಲಾಯುಗ' ಅನ್ನುವವರು ಒಮ್ಮೆ ರನ್‌ಇಟ್ ಹಾಕಿ ನೋಡಬೇಕು.

ಲಾಗ್ (ಯಂತ್ರ ಬರೆದಿಡುವ ದಾಖಲೆ) ವಿಷಯದಲ್ಲಿ ನನ್ನ ಮನಸ್ಸು ಎರಡೂ ಕಡೆ ಇದೆ. ಲ್ಯಾಪ್‌ಟಾಪ್ ಹ್ಯಾಂಗ್ ಆಗಿ ಬಲವಂತವಾಗಿ ಆಫ್ ಮಾಡಿದ ಮೇಲೆ, ಹಿಂದಿನ ಬೂಟ್‌ನ ಎರರ್‌ಗಳನ್ನು ಮಾತ್ರ ತೋರಿಸು ಅಂತ ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್ ಓದುವ ಜರ್ನಲ್‌ಸಿಟಿಎಲ್‌ಗೆ ಹೇಳಿದೆ. ವೈಫೈ ಡ್ರೈವರ್‌ನ ಗೋಳು ಕೂಡಲೇ ಸಿಕ್ಕಿತು. ಡೆವುವಾನ್‌ನಲ್ಲಿ ಸಿಸ್‌ಲಾಗ್ ಫೈಲ್ ತೆರೆದು, ಪದ ಹುಡುಕುವ ಗ್ರೆಪ್ ಹಾಕುತ್ತಾ ಸಮಯ ಹಿಡಿದು ಹುಡುಕಬೇಕು. ಆದರೆ ಅದು ಬರೀ ಪಠ್ಯ. ಕೆಟ್ಟ ಯಂತ್ರದ ಡಿಸ್ಕ್ ಬಿಚ್ಚಿ ಯಾವ ಕಂಪ್ಯೂಟರಿಗೆ ಹಾಕಿದರೂ ಓದಬಹುದು. ಜರ್ನಲ್ ಬೈನರಿ, ಓದಲು ಅದರದ್ದೇ ಉಪಕರಣ ಬೇಕು.

ಶಟ್‌ಡೌನ್‌ನಲ್ಲಿ ಡೆವುವಾನ್‌ಗೆ ಪೂರ್ತಿ ಅಂಕ. ಬಸ್ಸಿಗೆ ಹೊತ್ತಾಗಿರುವಾಗಲೇ ಡೆಬಿಯನ್ ಯಾವುದೋ ಒಂದು ಕೆಲಸ ಮುಗಿಯಲಿ ಅಂತ 90 ಸೆಕೆಂಡ್ ಎಣಿಸುತ್ತಾ ಕೂರುತ್ತದೆ. ಆ ಅವಧಿ ಕಡಿಮೆ ಮಾಡಬಹುದು ನಿಜ. ಡೀಫಾಲ್ಟ್ ಹಾಗೇಕಿರಬೇಕು ಅನ್ನುವುದು ಬೇರೆ ಪ್ರಶ್ನೆ.

ವಿರೋಧಿಗಳ ಸಿಟ್ಟು ನನಗೆ ಅರ್ಥವಾಗುವುದೂ ಈ ಡೀಫಾಲ್ಟ್‌ಗಳ ವಿಷಯದಲ್ಲೇ. 2016ರಲ್ಲಿ ಸಿಸ್ಟಮ್‌ಡಿ 230 ಬಂದಾಗ, ಬಳಕೆದಾರ ಲಾಗ್‌ಔಟ್ ಆದ ಕೂಡಲೇ ಅವನ ಎಲ್ಲ ಪ್ರೋಗ್ರಾಂ ಕೊಲ್ಲುವುದನ್ನು ಡೀಫಾಲ್ಟ್ ಮಾಡಿದರು. ರಾತ್ರಿಯಿಡೀ ಓಡಲಿ ಅಂತ, ಲಾಗ್‌ಔಟ್ ಆದರೂ ಕೆಲಸ ಮುಂದುವರಿಸುವ ಟಿಮಕ್ಸ್, ಸ್ಕ್ರೀನ್ ಎಂಬ ಪ್ರೋಗ್ರಾಂಗಳಲ್ಲಿ ಬಿಟ್ಟುಹೋದ ಕೆಲಸದ ಗತಿ ಏನು? ಡೆಬಿಯನ್ ಆ ಡೀಫಾಲ್ಟನ್ನು ಹಿಂದಕ್ಕೆ ತಿರುಗಿಸಿತು. ಜತೆಗೆ ಒಂದು ಕೋಣೆ ಬಾಡಿಗೆಗೆ ಬಂದವರು ಅಡುಗೆಮನೆ, ಹಿತ್ತಲನ್ನೂ ತಮ್ಮದು ಮಾಡಿಕೊಂಡ ಹಾಗೆ ಯೂಡೆವ್ (ಸಾಧನಗಳನ್ನು ಗುರುತಿಸುವ ಭಾಗ), ಲಾಗಿನ್, ಲಾಗ್, ಟೈಮರ್ ಎಲ್ಲವೂ ಒಂದೇ ಯೋಜನೆಯೊಳಗೆ ಹೋದವು. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಲೈಬ್ರರಿಯಲ್ಲಿ ಯಾರೋ ಗುಟ್ಟಾಗಿ ಹಿಂಬಾಗಿಲು ಇಟ್ಟಿದ್ದ 2024ರ ಪ್ರಕರಣದಲ್ಲಿ ಇದರ ಬೆಲೆ ಕಂಡಿತು. ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರ್‌ಗೆ ಆ ಲೈಬ್ರರಿ ಬೇಕೇ ಇರಲಿಲ್ಲ. ಸಿಸ್ಟಮ್‌ಡಿಗೆ ಸುದ್ದಿ ಮುಟ್ಟಿಸಲೆಂದು ಡೆಬಿಯನ್, ಫೆಡೋರಾದವರು ಹಾಕಿದ್ದ ತೇಪೆಯ ಮೂಲಕ ಅದು ಒಳಗೆ ಬಂದಿತ್ತು.

ಡೆಸ್ಕ್‌ಟಾಪ್‌ಗೆ ಬಂದರೆ, ಎಕ್ಸ್‌ಎಫ್‌ಸಿಇ ಎರಡರಲ್ಲೂ ಚೆನ್ನಾಗಿತ್ತು. ಡೆವುವಾನ್‌ನಲ್ಲಿ ಸಿಸ್ಟಮ್‌ಡಿಯ ಲಾಗಿನ್ ಭಾಗಕ್ಕೆ ಇಲೊಗಿನ್‌ಡಿ ಎಂಬ ಬದಲಿ ಇರುವುದರಿಂದ ಲಾಗಿನ್, ಸಸ್ಪೆಂಡ್ ತೊಂದರೆ ಕೊಡಲಿಲ್ಲ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಬೇಕು ಅನ್ನುವವರು ಮಾತ್ರ ಡೆಬಿಯನ್‌ನಲ್ಲೇ ಇರುವುದು ಒಳ್ಳೆಯದು. ಆ ಯೋಜನೆ ಸಿಸ್ಟಮ್‌ಡಿ ಕಡೆಗೆ ಇನ್ನಷ್ಟು ವಾಲುತ್ತಿದೆ. ಸ್ನ್ಯಾಪ್ ಪ್ಯಾಕೇಜುಗಳೂ ಸಿಸ್ಟಮ್‌ಡಿಯನ್ನೇ ಕೇಳುತ್ತವೆ.

ನನ್ನ ದಿನದ ಕೆಲಸಕ್ಕೆ ಡೆಬಿಯನ್ ಉಳಿಸಿಕೊಂಡಿದ್ದೇನೆ, ಮುಖ್ಯವಾಗಿ ಆ ಯೂನಿಟ್ ಫೈಲ್ ಮತ್ತು ಸಿಗ್ರೂಪ್‌ಗಾಗಿ. ಮೂಲೆಯಲ್ಲಿ ಕೂತು ಫೈಲ್ ಹಂಚುವ ಹಳೇ ಡೆಸ್ಕ್‌ಟಾಪ್‌ಗೆ ರನ್‌ಇಟ್ ಇರುವ ಡೆವುವಾನ್ ಹಾಕಿದ್ದೇನೆ. ಅದರಲ್ಲಿ ಏನು ಓಡುತ್ತಿದೆ ಅಂತ ಪಿಎಸ್ ಆಜ್ಞೆ ಕೊಟ್ಟರೆ, ಕರ್ನೆಲ್‌ನ ಎಳೆಗಳನ್ನು ಬಿಟ್ಟರೆ ಉಳಿದದ್ದು ಒಂದೇ ಪರದೆಯಲ್ಲಿ ಮುಗಿಯುತ್ತದೆ.