ಹೆದ್ದಾರಿ ಬಿಟ್ಟು ತೋಡಿನ ದಂಡೆಯಲ್ಲಿ: ಉಡುಪಿಯ ಸೈಕಲ್ ಪ್ರವಾಸವೊಂದರ ವಿಮರ್ಶೆ

ಸಂತೆಕಟ್ಟೆಯಿಂದ ಬ್ರಹ್ಮಾವರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಮ್ಮೆಯಾದರೂ ಸೈಕಲ್ ತುಳಿದವರಿಗೆ, ಬೆನ್ನ ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳಿಬಂದಾಗ ಕೈ ಹೇಗೆ ಬಿಗಿಯಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆ ಭಯದಿಂದಲೇ ನಾನು ಆರು ವರ್ಷ ಸೈಕಲ್ಲನ್ನು ಮಾಳಿಗೆಯಲ್ಲಿ ತೂಗುಹಾಕಿದ್ದೆ. ಕಳೆದ ಡಿಸೆಂಬರಿನಲ್ಲಿ ನೆರೆಮನೆಯವರೊಬ್ಬರು, ವಾಹನಗಳ ಕಾಟವಿಲ್ಲದ ಒಳದಾರಿಗಳಲ್ಲಿ ಎರಡು ದಿನ ಸೈಕಲ್ ಪ್ರವಾಸ ಮಾಡಿಸುವವರಿದ್ದಾರೆ ಎಂದು ಹೇಳಿದಾಗ, ಅಂಥ ದಾರಿ ನಮ್ಮಲ್ಲಿ ಎಲ್ಲಿದೆ ಎಂಬ ಅನುಮಾನದಿಂದಲೇ ಹೋಗಿ ಬಂದೆ. ಒಂದೇ ಮನೆಯವರು ಸೇರಿ ನಡೆಸುವ ಸಣ್ಣ ವ್ಯವಸ್ಥೆ ಅದು. ಹೆಚ್ಚು ಜನರನ್ನು ನಿಭಾಯಿಸಲು ತಮಗಾಗದು ಎಂದು ಅವರೇ ಹೇಳಿದ್ದರಿಂದ ಇಲ್ಲಿ ಹೆಸರನ್ನು ಬರೆದಿಲ್ಲ. ಒಬ್ಬರಿಗೆ 3,200 ರೂಪಾಯಿ. ಅದರಲ್ಲಿ ಸೈಕಲ್, ಹೆಲ್ಮೆಟ್, ದಾರಿ ತೋರಿಸುವವರು, ಒಂದು ರಾತ್ರಿಯ ವಸತಿ ಮತ್ತು ಊಟ ಎಲ್ಲವೂ ಸೇರಿವೆ. ಒಂದು ತಂಡದಲ್ಲಿ ಆರು ಮಂದಿಗಿಂತ ಹೆಚ್ಚು ಜನರನ್ನು ಸೇರಿಸುವುದಿಲ್ಲ.

ಈ ಪ್ರವಾಸದ ನಿಜವಾದ ಬೆಲೆ ಸೈಕಲ್ಲಿನಲ್ಲಿಲ್ಲ, ದಾರಿಯ ತಿಳಿವಳಿಕೆಯಲ್ಲಿದೆ. ಕೆಮ್ಮಣ್ಣಿನಿಂದ ಬಾರ್ಕೂರಿಗೆ ಹೋಗಬೇಕೆಂದರೆ ನಾವೆಲ್ಲರೂ ಸಂತೆಕಟ್ಟೆಗೆ ಬಂದು, ಕಲ್ಯಾಣಪುರದಲ್ಲಿ ಸುವರ್ಣಾ ನದಿಯನ್ನೂ ಮಾಬುಕಳದಲ್ಲಿ ಸೀತಾ ನದಿಯನ್ನೂ ಹೆದ್ದಾರಿಯ ಸೇತುವೆಗಳ ಮೇಲೆ ದಾಟುತ್ತೇವೆ. ಇವರು ಆ ಎರಡು ಸೇತುವೆಗಳನ್ನೂ ಬಿಟ್ಟು, ಕೆಮ್ಮಣ್ಣಿನಿಂದ ಹೂಡೆಗೆ, ಅಲ್ಲಿಂದ ಕೋಡಿ ಬೆಂಗ್ರೆಗೆ ಹೋಗಿ, ಎರಡೂ ನದಿಗಳು ಒಟ್ಟುಗೂಡಿ ಕಡಲು ಸೇರುವ ಅಳಿವೆಯನ್ನು ಬಾರ್ಜ್‌ನಲ್ಲಿ ದಾಟಿಸಿ ಹಂಗಾರಕಟ್ಟೆಯಲ್ಲಿ ಇಳಿಸುತ್ತಾರೆ. ನಕ್ಷೆಯಲ್ಲಿ ನೋಡಿದರೆ ಇದು ಯಾರಿಗಾದರೂ ಹೊಳೆಯಬೇಕಾದ ದಾರಿ, ಆದರೆ ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆದಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಕೆಮ್ಮಣ್ಣಿನ ಸಮೀಪದಿಂದ ಹೊರಟೆವು. ಮೊದಲಿಗೆ ತೂಗುಸೇತುವೆಯ ಮೇಲೆ ಒಬ್ಬೊಬ್ಬರಾಗಿ ಸೈಕಲ್ ತಳ್ಳಿಕೊಂಡು ತಿಮ್ಮಣ್ಣಕುದ್ರುವಿಗೆ ಹೋದೆವು. ಹೊಳೆಯ ನಡುವಿನ ನೆಲವನ್ನು ಕುದ್ರು ಎನ್ನುವ ನಮ್ಮ ಕರಾವಳಿಯಲ್ಲಿ ಇಂಥ ಊರುಗಳು ಹಲವು ಇವೆ. ತೆಂಗಿನ ತೋಟಗಳ ನಡುವಿನ ಕಾಲುದಾರಿಯೇ ಅಲ್ಲಿನ ಬೀದಿ. ನೀರಿನಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಇಳಿತದ ಸಮಯಕ್ಕೆ ಪೂರ್ತಿ ಕಾಣುತ್ತಿದ್ದವು, ಸೊಂಟದವರೆಗೆ ನೀರಿನಲ್ಲಿ ನಿಂತ ಇಬ್ಬರು ಹೆಂಗಸರು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಸೈಕಲ್ಲಿನ ವೇಗಕ್ಕೆ ಇವೆಲ್ಲ ಕಣ್ಣಿಗೆ ಬೀಳುತ್ತವೆ, ನಿಂತು ಮಾತನಾಡಿಸುವುದಕ್ಕೂ ಸಂಕೋಚವಾಗುವುದಿಲ್ಲ.

ಹೂಡೆಯಿಂದ ಬೆಂಗ್ರೆಯವರೆಗಿನ ಭಾಗವನ್ನು ಅವರು ಹತ್ತೂವರೆಯ ಒಳಗೆ ಮುಗಿಸಬೇಕೆಂದು ಒತ್ತಾಯ ಮಾಡಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ಕಿರಿದಾದ ನೆಲದ ಪಟ್ಟಿ. ಈ ನೆಲದಲ್ಲಿ ಉತ್ತರಕ್ಕೆ ಹೋಗುವವರಿಗೆ ಮಧ್ಯಾಹ್ನದ ಕಡಲಗಾಳಿ ಬಹುತೇಕ ಎದುರಿನಿಂದಲೇ ಬರುತ್ತದೆ. ಚಳಿಗಾಲದ ಮುಂಜಾನೆ ನೆಲದ ಕಡೆಯಿಂದ ಕಡಲಿಗೆ ಬೀಸುವ ತಂಗಾಳಿ, ಬಿಸಿಲೇರಿದ ಮೇಲೆ ತಿರುಗಿ ವಾಯುವ್ಯದಿಂದ ಬೀಸತೊಡಗುತ್ತದೆ. ಮೀನುಗಾರರಿಗೆ ಇದು ಹೊಸ ವಿಷಯವಲ್ಲ, ಆದರೆ ಸೈಕಲ್ ಪ್ರವಾಸದ ವೇಳಾಪಟ್ಟಿಯನ್ನು ಗಾಳಿಗೆ ಹೊಂದಿಸಿ ಸಿದ್ಧಪಡಿಸಿದವರನ್ನು ನಾನು ಕಂಡದ್ದು ಇದೇ ಮೊದಲು. ಈ ಭಾಗವನ್ನು ಪೂರ್ತಿ ವಾಹನರಹಿತ ಎಂದು ಹೇಳಲಾಗದು: ಸ್ಕೂಟರುಗಳು ಓಡಾಡುತ್ತವೆ, ಬಸ್ಸೂ ಬರುತ್ತದೆ, ಭಾನುವಾರ ಪ್ರವಾಸಿಗರ ಕಾರುಗಳ ಸಾಲು ಬೇರೆ. ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ ಎಂದು ಅವರು ಮೊದಲೇ ಹೇಳುವುದು ಪ್ರಾಮಾಣಿಕತನ.

ಬಾರ್ಜ್‌ನಲ್ಲಿ ಆರು ಸೈಕಲ್ಲುಗಳು ಮೋಟರ್‌ಸೈಕಲ್ಲುಗಳ ಪಕ್ಕದಲ್ಲಿ ನಿಂತವು, ಕೆಲವೇ ನಿಮಿಷಗಳಲ್ಲಿ ಆಚೆ ದಡ ಬಂತು. ಹಂಗಾರಕಟ್ಟೆಯಿಂದ ಬಾರ್ಕೂರಿಗೆ ಹೋಗುವಾಗ ಮಾಬುಕಳದಲ್ಲಿ ಹೆದ್ದಾರಿಯನ್ನು ಅಡ್ಡ ದಾಟಲೇಬೇಕು. ಇಡೀ ಪ್ರವಾಸದಲ್ಲಿ ನನ್ನ ಎದೆ ಬಡಿದುಕೊಂಡದ್ದು ಅಲ್ಲಿ ಮಾತ್ರ. ದಾರಿ ತೋರಿಸುವ ಹುಡುಗ ಎಲ್ಲರನ್ನೂ ಇಳಿಸಿ, ಒಟ್ಟಿಗೆ ನಡೆಸಿಕೊಂಡು ದಾಟಿಸಿದ್ದು ಸರಿಯೇ, ಆದರೆ ಆತನ ಕೈಯಲ್ಲಿ ಒಂದು ಕೆಂಪು ಬಾವುಟವೂ ಇರಲಿಲ್ಲ, ನಮಗೆ ಹೊಳೆಯುವ ಪಟ್ಟಿಯ ಅಂಗಿಗಳನ್ನೂ ಕೊಟ್ಟಿರಲಿಲ್ಲ. ಇಷ್ಟು ಹಣ ಪಡೆಯುವವರು ಇದನ್ನು ಕಡೆಗಣಿಸಬಾರದು.

ಬಾರ್ಕೂರು ಒಂದು ಕಾಲಕ್ಕೆ ತುಳುನಾಡನ್ನು ಆಳಿದ ಆಳುಪರ ರಾಜಧಾನಿ. ಮಣಿಗಾರಕೇರಿ, ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ ಎಂದು ಕೇರಿಗಳಾಗಿ ಹಂಚಿಕೊಂಡಿರುವ ಈ ಊರು, ಕಾರಿನಲ್ಲಿ ಬಂದವರಿಗೆ ಒಂದೆರಡು ದೇವಸ್ಥಾನ ಮತ್ತು ಕತ್ತಲೆ ಬಸದಿಯಾಗಿ ಮುಗಿದುಹೋಗುತ್ತದೆ. ಸೈಕಲ್ಲಿನಲ್ಲಿ ಕೇರಿಯಿಂದ ಕೇರಿಗೆ ಹೋಗುವಾಗ ಮಾತ್ರ ಅದು ನಗರವಾಗಿತ್ತು ಎಂಬುದು ಮನಸ್ಸಿಗೆ ನಾಟುತ್ತದೆ. ರಾತ್ರಿಯ ವಸತಿ ಅಲ್ಲಿನ ಒಂದು ಹಳೆಯ ಮನೆಯಲ್ಲಿ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಹುರುಳಿ ಸಾರು, ಬೆಳಿಗ್ಗೆ ನೀರುದೋಸೆ. ಊಟದ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಎರಡನೆಯ ದಿನದ ದಾರಿಗಾಗಿಯೇ ಈ ವಿಮರ್ಶೆ ಬರೆಯಬೇಕೆನಿಸಿತು. ತಗ್ಗಿನ ಬೈಲುಗದ್ದೆಗಳ ನಡುವೆ ತೋಡಿನ, ಅಂದರೆ ಸಣ್ಣ ಹಳ್ಳದ, ದಂಡೆ ಹಿಡಿದು, ಗೇರು ಹಾಡಿಗಳ ನೆರಳಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಓಣಿಗಳಲ್ಲಿ, ನಾಲ್ಕು ಗಂಟೆಗಳ ಕಾಲ ನಮಗೆ ಒಂದು ಕಾರೂ ಎದುರಾಗಲಿಲ್ಲ. ಫ್ರಾನ್ಸಿನ ಕನಾಲ್ ದ್ಯು ಮಿದಿ ಎಂಬ ಕಾಲುವೆಯ ಬದಿಯಲ್ಲಿ ಜನರು ಸೈಕಲ್ ಪ್ರವಾಸ ಮಾಡುತ್ತಾರೆ. 1681ರಲ್ಲಿ ತೆರೆದ, ಸುಮಾರು 240 ಕಿಲೋಮೀಟರ್ ಉದ್ದದ ಆ ಕಾಲುವೆಯಲ್ಲಿ ದೋಣಿಗಳನ್ನು ಎಳೆಯುವ ಕುದುರೆಗಳು ನಡೆಯಲೆಂದು ದಡದುದ್ದಕ್ಕೂ ದಾರಿ ಮಾಡಿದ್ದರು. ನಿಂತ ನೀರಿನ ಮಟ್ಟಕ್ಕೆ ಕಟ್ಟಿದ ಕಾಲುವೆಯ ದಡ ಸಹಜವಾಗಿಯೇ ಸಮತಟ್ಟಾಗಿರುತ್ತದೆ, ಸವಾರನಿಗೆ ಏರುಪೇರಿನ ಕಷ್ಟವಿಲ್ಲ. ನಮ್ಮ ತೋಡುಗಳನ್ನು ಯಾರೂ ದೋಣಿಗಾಗಿ ತೋಡಿದ್ದಲ್ಲ, ಆದರೂ ಬೈಲಿನ ಇಳಿಜಾರು ಎಷ್ಟು ಮೆಲ್ಲನೆಯದೆಂದರೆ ಅದರ ದಂಡೆಯಲ್ಲಿ ತುಳಿಯುವ ಕಾಲಿಗೆ ಅದೇ ಸುಖ ಸಿಗುತ್ತದೆ. ಏರು ಬರುವುದು ಬೈಲು ಬಿಟ್ಟು ಮಜಲಿಗೆ, ಮಜಲು ಬಿಟ್ಟು ಬೆಟ್ಟಿಗೆ ಹತ್ತುವಾಗ. ಗದ್ದೆಗಳನ್ನು ಹೀಗೆ ಮೂರು ಬಗೆಯಾಗಿ ಹೆಸರಿಸಿದ ಹಿರಿಯರ ವಿಂಗಡಣೆಯನ್ನು ಅಂದು ನಾನು ಗೇರ್ ಬದಲಾಯಿಸುತ್ತಾ ಕಲಿತೆ.

ತೋಡಿಗೆ ಅಡ್ಡಲಾಗಿ ಕಟ್ಟಿದ ಒಂದು ಕಿಂಡಿ ಅಣೆಕಟ್ಟಿನ ಮೇಲೆ ಸ್ವಲ್ಪ ಹೊತ್ತು ನಿಂತೆವು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮೇಲ್ಗಡೆ ಸುಗ್ಗಿ ಬೆಳೆಗೆ ನೀರು ಸಿಗುತ್ತದೆ, ಬಾವಿಗಳ ನೀರು ಏರುತ್ತದೆ, ಕಡಲಿನ ಸಮೀಪದಲ್ಲಾದರೆ ಉಪ್ಪುನೀರು ಒಳನುಗ್ಗುವುದೂ ತಪ್ಪುತ್ತದೆ. ಸೈಕಲ್ ಸವಾರರಿಗೆ ಅದರ ಮೇಲಿನ ಕಾಲುದಾರಿಯೇ ಸೇತುವೆ. ಮುಂದೆ ಗದ್ದೆಯ ಅಂಚು ಬಂದಾಗ ದಾರಿ ತೋರಿಸುವ ಹುಡುಗ, “ಇಲ್ಲಿ ತುಳಿಯುವುದು ಬೇಡ ಸಾರ್, ತಳ್ಳಿಕೊಂಡೇ ಬನ್ನಿ, ಅಂಚು ಜರಿದರೆ ಗದ್ದೆಯವರಿಗೆ ಕಷ್ಟ,” ಎಂದ. ಈ ದಾರಿಗಳಲ್ಲಿ ಬಹುಪಾಲು ಯಾರದೋ ಜಾಗ. ಅವರು ಪ್ರತಿಯೊಂದು ಮನೆಯವರನ್ನೂ ಕೇಳಿ ಒಪ್ಪಿಗೆ ಪಡೆದಿದ್ದಾರೆ, ನಾಟಿಯ ಸಮಯದಲ್ಲಿ ಕೆಲವು ತುಂಡುಗಳನ್ನು ಬಿಟ್ಟು ಸುತ್ತಿ ಹೋಗುತ್ತಾರೆ. ಹಾದಿಯಲ್ಲಿ ಒಬ್ಬ ಅಜ್ಜಿ ನಮ್ಮನ್ನು ಅಂಗಳಕ್ಕೆ ಕರೆದು ಬೊಂಡ (ಎಳನೀರು) ಕೆತ್ತಿಸಿ ಕೊಟ್ಟದ್ದು ಆ ಒಪ್ಪಿಗೆಯ ಫಲವೆಂದೇ ನಾನು ತಿಳಿದಿದ್ದೇನೆ. ತಂಡದಲ್ಲಿ ಆರು ಮಂದಿಯ ಮಿತಿ ಏಕೆಂಬುದೂ ಅಲ್ಲಿ ಅರ್ಥವಾಯಿತು.

ಇನ್ನು ಸೈಕಲ್ಲುಗಳ ವಿಷಯ. ಇಲ್ಲಿ ಮಾತ್ರ ನನಗೆ ತೀವ್ರ ಅಸಮಾಧಾನವಿದೆ. ಉಪ್ಪುಗಾಳಿಯ ಊರಿನಲ್ಲಿ ಚೈನು ಬೇಗ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆಯಾದರೂ ಒರೆಸಿ ಎಣ್ಣೆ ಹಾಕದಿದ್ದರೆ ಉಳಿಯುವುದಿಲ್ಲ. ನನಗೆ ಕೊಟ್ಟ ಸೈಕಲ್ಲಿನ ಚೈನು ಕಂದು ಬಣ್ಣಕ್ಕೆ ತಿರುಗಿತ್ತು, ಹಿಂದಿನ ಗೇರು ಏರಿನಲ್ಲಿ ಎರಡು ಬಾರಿ ಜಾರಿತು. ಟಯರುಗಳು 35 ಮಿಲಿಮೀಟರ್ ಅಗಲದವು. ಮುರಕಲ್ಲಿನ ದಾರಿಗೆ ಸಾಕು, ಬೆಂಗ್ರೆಯ ಮರಳಿಗೆ ಸಾಲದು. ಅದಕ್ಕಿಂತ ದೊಡ್ಡ ತೊಂದರೆಯಾದದ್ದು ಎರಡನೆಯ ದಿನ, ಬಿದಿರಿನ ಮುಳ್ಳು ಚುಚ್ಚಿ ಟ್ಯೂಬಿನ ಗಾಳಿ ಹೋದಾಗ. ಬದಲಿ ಟ್ಯೂಬ್ ಇತ್ತು, ಪಂಪೂ ಇತ್ತು, ಆದರೆ ಟ್ಯೂಬಿನದು ಪ್ರೆಸ್ಟಾ ಎಂಬ ತೆಳುವಾದ ವಾಲ್ವ್, ಪಂಪು ಬೈಕು ಕಾರುಗಳಲ್ಲಿರುವ ಶ್ರೇಡರ್ ವಾಲ್ವಿಗೆ ಹೊಂದುವಂಥದು. ಹತ್ತಿರದ ಸೈಕಲ್ ಶಾಪಿನವರು ಕೈಯಲ್ಲಾದ ಪ್ರಯತ್ನ ಮಾಡಿದರೂ ಅವರಲ್ಲೂ ಪ್ರೆಸ್ಟಾಕ್ಕೆ ಹೊಂದುವ ಸಾಧನವಿರಲಿಲ್ಲ. ಕೊನೆಗೆ ಟೆಂಪೋ ಬರುವವರೆಗೆ ಒಂದೂವರೆ ಗಂಟೆ ಕಾದೆವು. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಇದ್ದಿದ್ದರೆ ಐದು ನಿಮಿಷದ ಕೆಲಸ. ಹಳ್ಳಿದಾರಿಯ ಪ್ರವಾಸಕ್ಕೆ ಎಲ್ಲ ಸೈಕಲ್ಲುಗಳಿಗೂ ಶ್ರೇಡರ್ ವಾಲ್ವ್ ಇರುವ ಟ್ಯೂಬುಗಳನ್ನೇ ಹಾಕಬೇಕು, ಆಗ ದಾರಿಯ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಇದನ್ನು ಅವರಿಗೆ ನೇರವಾಗಿ ಹೇಳಿದೆ. ತಪ್ಪನ್ನು ಒಪ್ಪಿಕೊಂಡರು, 400 ರೂಪಾಯಿ ಹಿಂತಿರುಗಿಸಿದರು.

ಸೀಟಿನ ಎತ್ತರವನ್ನು ಹೊರಡುವ ಮೊದಲು ಪ್ರತಿಯೊಬ್ಬರಿಗೂ ಹೊಂದಿಸಿ ಕೊಡುತ್ತಾರೆ. ಪೆಡಲ್ ಕೆಳಗಿಳಿದಾಗ ಮೊಣಕಾಲು ತುಸುವೇ ಮಡಿಚಿರಬೇಕು ಎಂದು ತೋರಿಸಿಕೊಟ್ಟದ್ದರಿಂದ ಐವತ್ತೆಂಟರ ನನ್ನ ಮಂಡಿಗಳಿಗೆ ಎರಡನೆಯ ದಿನವೂ ನೋವು ಬರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸ ನಿಲ್ಲಿಸುತ್ತಾರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ, ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಜನರನ್ನು ಸೈಕಲ್ ತುಳಿಸುವುದು ಅಪಾಯವೇ ಸರಿ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಹೋಗುವುದು ಉತ್ತಮ; ಮಾರ್ಚ್ ನಂತರ ಬಿಸಿಲಿನ ಜೊತೆ ಸೆಕೆಯೂ ಸೇರಿ ಹತ್ತು ಗಂಟೆಗೇ ದಣಿವಾಗುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಎರಡನೆಯ ದಿನದ ದಾರಿ ಮಾತ್ರ ಸಾಕು, ಹಾಗೆ ಒಂದೇ ದಿನಕ್ಕೂ ಅವರು ಒಪ್ಪುತ್ತಾರೆ.

ಫೆಬ್ರವರಿಯ ಎರಡನೆಯ ವಾರಕ್ಕೆ ತಂಗಿಗೂ ಅವಳ ಮಗಳಿಗೂ ನನಗೂ ಮತ್ತೆ ಜಾಗ ಕಾಯ್ದಿರಿಸಿದ್ದೇನೆ. ಹೊರಡುವ ಮೊದಲು ಚೈನನ್ನೂ ವಾಲ್ವನ್ನೂ ನಾನೇ ಮುಟ್ಟಿ ನೋಡುತ್ತೇನೆ, ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.