ಕೊಡಗಿನ ತೋಟದ 'ಇಂಟರ್‌ನ್ಯಾಷನಲ್ ರೆಸಿಡೆನ್ಸಿ'ಗೆ ಹೊರಟಿದ್ದೀರಾ? ಮೊದಲು ಕರಾರು ತರಿಸಿಕೊಳ್ಳಿ

ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ಮಳೆಗಾಲ ಬಂತೆಂದರೆ 'ಅಂತರರಾಷ್ಟ್ರೀಯ ಕಲಾವಿದರ ರೆಸಿಡೆನ್ಸಿ', ಅಂದರೆ ಕಲಾವಿದರು ಕೆಲಕಾಲ ಅಲ್ಲೇ ಉಳಿದು ಕೃತಿ ಮಾಡುವ ಶಿಬಿರ, ಶುರುವಾಗುತ್ತದೆ. ಹೆಸರು ಹಾಕುವುದಿಲ್ಲ, ವಕೀಲರ ನೋಟಿಸು ಓಡಾಡುತ್ತಿದೆ. ಕಳೆದ ವರ್ಷ ನಾನೂ ಅಲ್ಲಿದ್ದೆ. ಈ ಸಲದ ಆಹ್ವಾನ ಆಗಲೇ ವಾಟ್ಸಾಪ್‌ನಲ್ಲಿ ತಿರುಗುತ್ತಿದೆ, ಅದಕ್ಕೇ ಈ ಬರಹ.

ಫೋನಿನಲ್ಲಿ ಹೇಳಿದ್ದು: ಊಟ, ವಸತಿ, ಸ್ಟುಡಿಯೋ, ಸ್ಥಳೀಯ ಕಲಾವಿದರಿಗೆ 25 ಸಾವಿರ ಗೌರವಧನ, ಕೊನೆಗೆ ಪ್ರದರ್ಶನಕ್ಕೆ ಕೃತಿ ಆರಿಸುವ ದೊಡ್ಡ ಕ್ಯುರೇಟರ್‌ಗಳ ಎದುರು ಓಪನ್ ಸ್ಟುಡಿಯೋ, ಅಂದರೆ ಮಾಡಿದ ಕೆಲಸ ತೋರಿಸುವ ದಿನ. ಹೋಗಿ ನೋಡಿದರೆ ಅದೊಂದು ಹೋಂಸ್ಟೇ. ಮಳೆಯಲ್ಲಿ ಟೂರಿಸ್ಟರು ಕಡಿಮೆ, ರೂಮು ಖಾಲಿ. ಆ ರೂಮುಗಳಿಗೆ ಪೋರ್ಚುಗಲ್, ಕೊರಿಯಾದ ಕಲಾವಿದರು ಯೂರೋದಲ್ಲಿ ಫೀ ಕಟ್ಟಿ ಬಂದಿದ್ದರು. ನಾನು ಹೆಸರಿಗೆ ಕಲಾವಿದ, ಕೆಲಸಕ್ಕೆ ಡ್ರೈವರ್ ಮತ್ತು ದುಭಾಷಿ. ಜೀಪೂ ನನ್ನದೇ, ಡೀಸೆಲ್ಲೂ ನನ್ನದೇ.

ಸ್ಟುಡಿಯೋ ಎಂದರೆ ಕಾಫಿ ಗೋಡೌನ್. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳಲ್ಲಿ, ಆ ಕಡೆ ಹೇಗೆ ಸುರಿಯುತ್ತದೆ ಎಂದು ನಮ್ಮವರಿಗೆ ಹೇಳಬೇಕಿಲ್ಲ. ಕರೆಂಟ್ ಹೋದರೆ ಎರಡು ಮೂರು ದಿನ ಪತ್ತೆಯಿಲ್ಲ. ಜನರೇಟರ್ ಮಾಲೀಕರ ಬಂಗಲೆಗೆ ಮಾತ್ರ. ಪೋರ್ಚುಗಲ್‌ನ ಹುಡುಗಿ ವುಡ್‌ಕಟ್ ಪ್ರಿಂಟ್‌ಗೆಂದು ತಂದ ಪೇಪರ್ ಇಡೀ ಕಟ್ಟು ಬೂಷ್ಟು ಹಿಡಿಯಿತು. ನನ್ನ ಎಣ್ಣೆಬಣ್ಣ ಒಣಗಲೇ ಇಲ್ಲ. ಕೇಳಿದ್ದಕ್ಕೆ "ಮಳೆಯೇ ಅಲ್ವಾ ಇಲ್ಲಿಯ ಥೀಮ್?" ಎಂದರು ಪುಣ್ಯಾತ್ಮರು!

ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ವಸತಿ ಕೊಟ್ಟವರು ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಸಿ ಫಾರಂ ಅಂತಾರಲ್ಲ, ಅದು. ಅದನ್ನೂ ಕೊಟ್ಟಿರಲಿಲ್ಲ. ಪೊಲೀಸರು ಬಂದಾಗ ಮಾಲೀಕರು ಊರಲ್ಲೇ ಇಲ್ಲ. ಉತ್ತರ ಕೊಟ್ಟಿದ್ದು ನಾನು ಮತ್ತು ತೋಟದ ರೈಟರು, ಅಂದರೆ ಗುಮಾಸ್ತರು.

ಅಸಲಿ ವಿಷಯ ಕರಾರಿನದು. ಎಲ್ಲರೂ ಬಂದು ನೆಲೆಯಾದ ಮೇಲೆ ಅದನ್ನು ಹೊರತೆಗೆದರು. ಇಲ್ಲಿ ಮಾಡಿದ ಎಲ್ಲ ಕೃತಿಗಳೂ, ಅವುಗಳ ಎಲ್ಲ ಹಕ್ಕುಗಳೂ, ಎಲ್ಲ ದೇಶಗಳಲ್ಲೂ, ಶಾಶ್ವತವಾಗಿ ತೋಟದ ಮಾಲೀಕರಿಗೆ! ವಾಪಸ್ ಟಿಕೆಟ್ ತಿಂಗಳಾಚೆ ಇರುವವರು ಏನು ಮಾಡುತ್ತಾರೆ? ಸಹಿ ಹಾಕಿದರು. ನಾನು ಹಾಕಲಿಲ್ಲ. ಹಾಕದವನಿಗೆ ಗೌರವಧನವೂ ಇಲ್ಲ. ಆದರೆ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಹೆಂಗಸರನ್ನು ಕೂರಿಸಿ ನಾನು ಬರೆದ ಚಿತ್ರ ಈಗ ಮಾಲೀಕರ ಕಾಫಿ ಪುಡಿ ಪ್ಯಾಕೆಟ್ ಮೇಲಿದೆ, ನನ್ನ ಹೆಸರಿಲ್ಲದೆ.

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರಹದಲ್ಲಿ ಸಹಿ ಇಲ್ಲದೆ ಹಕ್ಕು ವರ್ಗವಾಗುವುದಿಲ್ಲ. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ, ದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. 'ಶಾಶ್ವತ', 'ಎಲ್ಲ ದೇಶ' ಎಂದು ಯಾಕೆ ತುರುಕುತ್ತಾರೆ ಗೊತ್ತಾಯಿತಲ್ಲ? ಹಕ್ಕು ಮಾರಿದ ಮೇಲೂ ಕೃತಿ ನನ್ನದೆಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಲ್ಲಿ ಉಳಿಯುತ್ತದೆ. ನನ್ನ ನೋಟಿಸು ನಿಂತಿರುವುದು ಇದರ ಮೇಲೆಯೇ.

ಓಪನ್ ಸ್ಟುಡಿಯೋಗೆ ಒಬ್ಬ ಕ್ಯುರೇಟರೂ ಬರಲಿಲ್ಲ. ಪಕ್ಕದ ರೆಸಾರ್ಟ್‌ನವರು ಬಂದು ಪಕೋಡ ತಿಂದು ಹೋದರು.

ಫೀ ಕೇಳಿದ ತಕ್ಷಣ ಮೋಸ ಅಂತಲ್ಲ, ಫೀ ತೆಗೆದುಕೊಂಡೂ ಚೆನ್ನಾಗಿ ನಡೆಸುವವರಿದ್ದಾರೆ. ಸ್ವಿಟ್ಜರ್ಲೆಂಡಿನ ಕಲಾಮಂಡಳಿ ಪ್ರೊ ಹೆಲ್ವೆಟಿಯಾದಂಥ ಸಂಸ್ಥೆಗಳು ತಾವೇ ಪ್ರಯಾಣ, ವಸತಿ, ಖರ್ಚು ಕೊಟ್ಟು ಕರೆಸುತ್ತವೆ. ಯಾರೇ ಕರೆಯಲಿ, ಟಿಕೆಟ್ ಬುಕ್ ಮಾಡುವ ಮೊದಲೇ ಕರಾರು ಕೇಳಿ. ಹಿಂದಿನ ವರ್ಷ ಹೋಗಿದ್ದ ಇಬ್ಬರ ನಂಬರ್ ಕೇಳಿ. ಬರುವ ಕ್ಯುರೇಟರ್ ಯಾರು ಎಂದು ತಿಳಿದು ಅವರಿಗೇ ಒಂದು ಮೇಲ್ ಹಾಕಿ. ನಾಪೋಕ್ಲಿನ ಆಹ್ವಾನ ಬಂದವರು ನನಗೆ ಮೆಸೇಜ್ ಮಾಡಿ, ಆ ಕರಾರಿನ ಪ್ರತಿ ಕಳಿಸುತ್ತೇನೆ.